ಎರಿ ಮಣ್ಣಿನ ಊರಿಗೆ ಶೌಚ ವ್ಯವಸ್ಥೆ: ಹುಬ್ಬಳ್ಳಿಯ ಒಂದು ಯೋಜನಾ ಸಲಹಾ ಸೇವೆಯ ಬಗ್ಗೆ

ಗ್ರಾಮ ಪಂಚಾಯಿತಿಗಳಿಗೆ ಮತ್ತು ಸಣ್ಣ ಬಡಾವಣೆಗಳಿಗೆ ಶೌಚದ, ಬಚ್ಚಲ ನೀರಿನ ವ್ಯವಸ್ಥೆಯನ್ನು ಯೋಜಿಸಿ ಕೊಡುವ ಒಂದು ಖಾಸಗಿ ಸಲಹಾ ಸಂಸ್ಥೆ ಹುಬ್ಬಳ್ಳಿಯಲ್ಲಿದೆ. ಗದಗ ತಾಲ್ಲೂಕಿನ ನಮ್ಮ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿ ಅದರ ಸೇವೆಯನ್ನು ಪಡೆದುಕೊಂಡಿತು. ಸಮಿತಿಯ ಸದಸ್ಯನಾಗಿ ನಾನು ಆ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಮೆಚ್ಚುಗೆಯ ಜೊತೆಗೆ ತಕರಾರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆಗೆ ಪಂಚಾಯಿತಿಯ ಹಣ ಖರ್ಚು ಮಾಡಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ತಿಳಿದರೆ ಸಾಕು. ಶೌಚ ಯೋಜನೆಯ ಗುಣವನ್ನು ಅದು ಯಾವ ಟಾಕಿಯನ್ನು ಸೂಚಿಸಿತು ಎಂಬುದರಿಂದ ಅಳೆಯಲಾಗದು. ನೆಲದ ಸ್ವಭಾವದ ಬಗ್ಗೆ ಅದು ಎಷ್ಟು ವಿಚಾರಿಸಿತು, ಶೌಚದ ಗುಂಡಿ, ಅಂದರೆ ತೆಗ್ಗು, ತುಂಬಿದ ಮೇಲೆ ಏನಾಗಬೇಕು ಎಂಬುದನ್ನು ಎಷ್ಟು ವಿಚಾರಿಸಿತು ಎಂಬುದನ್ನು ನೋಡಬೇಕು. ಈ ಸಂಸ್ಥೆಯವರು ಮೊದಲನೆಯದರಲ್ಲಿ ಗಟ್ಟಿ, ಎರಡನೆಯದರಲ್ಲಿ ಕಚ್ಚಾ.

ನಮ್ಮ ಊರಿನ ಒಂದು ಮಗ್ಗುಲಿಗೆ ಎರಿ ಹೊಲ, ಅಂದರೆ ಜಿಗುಟಾದ ಕಪ್ಪು ಮಣ್ಣು; ಕಪ್ಪತಗುಡ್ಡದ ದಿಕ್ಕಿಗೆ ಮಸಾರಿ, ಅಂದರೆ ನೀರು ಬೇಗ ಇಂಗುವ ಕೆಂಪು ಮಣ್ಣು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಮನೆಗೆ 12,000 ರೂಪಾಯಿಯ ಪ್ರೋತ್ಸಾಹಧನದಲ್ಲಿ ಬಹುತೇಕ ಕುಟುಂಬಗಳು ಶೌಚಾಲಯ ಕಟ್ಟಿಸಿಕೊಂಡವು. ಕಟ್ಟಿದವರು ಊರ ಗೌಂಡಿಗಳೇ. ಎರಿ ಕಡೆಯ ಓಣಿಯಲ್ಲಾಗಲಿ ಮಸಾರಿ ಕಡೆಯ ಓಣಿಯಲ್ಲಾಗಲಿ ತೆಗ್ಗಿನ ಅಳತೆಯಲ್ಲಿ ಅವರು ಭೇದ ಮಾಡಲಿಲ್ಲ. ಬೇಸಿಗೆಯಲ್ಲಿ ಎರಡೂ ಕಡೆ ಚೆನ್ನಾಗಿಯೇ ನಡೆಯುತ್ತದೆ. ಮಳೆ ಹಿಡಿದ ಮೇಲೆ ಎರಿ ಓಣಿಯ ಹೆಂಗಸರು ಪಂಚಾಯಿತಿ ಕಟ್ಟೆಗೆ ಬಂದು, "ಸಂಡಾಸದೊಳಗ ನೀರು ತಿರುಗಿ ಮ್ಯಾಲ ಬರಾಕತ್ತಾವ್ರಿ, ಬಯಲಿಗೆ ಹೋಗೂದ ಛಲೋ ಇತ್ತು" ಎಂದು ಹೇಳುವುದು ಪ್ರತಿವರ್ಷದ ಮಾತಾಗಿತ್ತು. ಶೌಚಾಲಯ ಇದ್ದೂ ಬಳಸಲಾಗದ ಆ ಎರಡು ಮೂರು ತಿಂಗಳುಗಳ ಕಾರಣಕ್ಕೇ ನಾವು ಸಲಹೆಗಾರರನ್ನು ಹುಡುಕಿದ್ದು.

ಸಂಸ್ಥೆಯವರು ಮೊದಲ ಭೇಟಿಯಲ್ಲಿ ನಕ್ಷೆಯನ್ನಾಗಲಿ ಬಣ್ಣದ ಪುಸ್ತಿಕೆಯನ್ನಾಗಲಿ ತರಲಿಲ್ಲ. ಹಾರೆ, ಸಲಿಕೆ, ಅಳತೆಪಟ್ಟಿ ತಂದಿದ್ದರು. ಶಾಲೆಯ ಹಿಂದಿನ ಎರಿ ನೆಲದಲ್ಲಿ ಒಂದು, ಗುಡ್ಡದ ಕಡೆಯ ಮಸಾರಿಯಲ್ಲಿ ಒಂದು ಕಿರಿದಾದ ಗುಳಿ ತೆಗೆಸಿದರು. ಗುಳಿಯ ಗೋಡೆಯನ್ನು ಚಾಕುವಿನಿಂದ ಕೆರೆಸಿ, ತಳದಲ್ಲಿ ನಾಲ್ಕು ಬೆರಳಷ್ಟು ಖಡಿ (ಜಲ್ಲಿಕಲ್ಲು) ಹಾಕಿಸಿ, ನೀರು ತುಂಬಿಸಿ ರಾತ್ರಿಯಿಡೀ ಹಾಗೆಯೇ ಬಿಟ್ಟರು. ಒಣಗಿದ ಎರಿ ಮಣ್ಣು ಮೊದಲ ನೀರನ್ನು ಗಟಗಟ ಕುಡಿದುಬಿಡುತ್ತದೆ, ಅದನ್ನು ನಂಬಿ ಲೆಕ್ಕ ಹಾಕಿದರೆ ಮಳೆಗಾಲದಲ್ಲಿ ಮೋಸ ಹೋಗುತ್ತೀರಿ, ಮಣ್ಣು ಪೂರ್ತಿ ಉಬ್ಬಿಕೊಂಡ ಮೇಲೆಯೇ ಅಳೆಯಬೇಕು ಎಂದು ಅವರ ಕಿರಿಯ ಎಂಜಿನಿಯರ್ ವಿವರಿಸಿದರು. ಮರುದಿನ ಬೆಳಿಗ್ಗೆ ಖಡಿಯ ಮೇಲೆ ಗೇಣಿಗಿಂತ ತುಸು ಕಡಿಮೆ ನೀರು ನಿಲ್ಲುವಂತೆ ಮಾಡಿ, ಅಡ್ಡಲಾಗಿ ಇಟ್ಟ ಪಟ್ಟಿಯಿಂದ ನೀರಿನ ಮಟ್ಟದವರೆಗಿನ ಅಂತರವನ್ನು ಅರ್ಧ ಗಂಟೆಗೊಮ್ಮೆ ಅಳೆದರು. ಮಸಾರಿ ಗುಳಿಗೆ ಮತ್ತೆ ಮತ್ತೆ ನೀರು ಸುರಿಯಬೇಕಾಯಿತು. ಎರಿ ಗುಳಿಯಲ್ಲಿ ಮಟ್ಟ ಇಳಿದದ್ದು ಬರಿಗಣ್ಣಿಗೆ ಕಾಣಲೇ ಇಲ್ಲ. ಸುತ್ತ ನಿಂತಿದ್ದ ಹಿರಿಯರೊಬ್ಬರು "ಇದಕ್ಕ ಪರೀಕ್ಷೆ ಯಾಕ ಬೇಕಿತ್ತು, ನಮ್ಮನ್ನ ಕೇಳಿದ್ರ ಹೇಳ್ತಿದ್ವಿ" ಎಂದರು. ಅವರ ಮಾತು ನಿಜ, ಆದರೆ ಅದು ಎಸ್ಟಿಮೇಟಿನ ಕಾಗದದ ಮೇಲೆ ಏರಬೇಕಾದರೆ ಒಂದು ಅಂಕಿ ಬೇಕಾಗುತ್ತದೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ, ಈ ಪರೀಕ್ಷೆಯಲ್ಲಿ ನೀರು 25 ಮಿಲಿಮೀಟರ್ ಇಳಿಯಲು 60 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ನೆಲದಲ್ಲಿ ಇಂಗುಗುಂಡಿಯನ್ನು ನಂಬಿಕೊಳ್ಳಬಾರದು.

ಈ ಪರೀಕ್ಷೆಯ ಫಲವನ್ನು ಅವರು ಸಮಿತಿಯ ಮುಂದೆ ಲೆಕ್ಕವಾಗಿ ಬಿಡಿಸಿ ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಉಸುಕಿನ ನೆಲದ ಒಂದು ಚದರ ಮೀಟರ್ ದಿನಕ್ಕೆ ಸುಮಾರು 50 ಲೀಟರ್ ಶೌಚದ ನೀರನ್ನು ಹೀರಿಕೊಳ್ಳಬಲ್ಲದು ಎಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. ಜಿಗುಟು ಮಣ್ಣಿನಲ್ಲಿ ಅದು 10 ಲೀಟರ್ ಮಾತ್ರ. ಚೊಂಬಿನಿಂದ ನೀರು ಹಾಕುವ ಶೌಚಾಲಯದಲ್ಲಿ ಐದು ಜನರ ಕುಟುಂಬದಿಂದ ದಿನಕ್ಕೆ ಹೆಚ್ಚುಕಡಿಮೆ 50 ಲೀಟರ್ ನೀರು ತೆಗ್ಗಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, ಎರಿಯಲ್ಲಿ 5 ಚದರ ಮೀಟರ್ ಗೋಡೆ ಬೇಕು. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ದುಂಡು ತೆಗ್ಗಿಗೆ ಇರುವ ಗೋಡೆ ಸುಮಾರು 4.7 ಚದರ ಮೀಟರ್. ಅಂದರೆ ಶೌಚದ ನೀರೊಂದೇ ಆದರೆ ಎರಿಯಲ್ಲೂ ಹೇಗೋ ನಿಭಾಯಿಸಬಹುದು. ಆದರೆ ನಮ್ಮಲ್ಲಿ ಬಚ್ಚಲ ನೀರನ್ನೂ ಅದೇ ತೆಗ್ಗಿಗೆ ತಿರುಗಿಸಿದವರು ಅನೇಕರು. ಜಲ ಜೀವನ್ ಮಿಷನ್ ಅಡಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು ಎಂಬ ಲೆಕ್ಕ ಬಂದ ಮೇಲೆ, ಐದು ಜನರ ಮನೆಯ ಬಚ್ಚಲು ಮತ್ತು ಅಡುಗೆಮನೆಯಿಂದಲೇ 150ರಿಂದ 200 ಲೀಟರ್ ಹೊರಬೀಳುತ್ತದೆ. ಅದಕ್ಕೆ ಎರಿಯಲ್ಲಿ ಮತ್ತೆ 15ರಿಂದ 20 ಚದರ ಮೀಟರ್ ಗೋಡೆ ಬೇಕು. ಅಷ್ಟು ದೊಡ್ಡ ತೆಗ್ಗನ್ನು ಹಿತ್ತಲಲ್ಲಿ ಯಾರೂ ತೋಡಲಾರರು. ಮಳೆಗಾಲದಲ್ಲಿ ನೀರು ಮೇಲೆ ಬರಲು ಮಳೆಯಷ್ಟೇ ಬಚ್ಚಲೂ ಕಾರಣ ಎಂಬುದು ಆ ಸಭೆಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಇಷ್ಟಕ್ಕೇ ಶುಲ್ಕದ ಅರ್ಧ ಹಣ ಮುಟ್ಟಿತು ಎಂದು ನಾನು ತಿಳಿಯುತ್ತೇನೆ.

ಹಿತ್ತಲು ಇರುವ ಮನೆಗಳಿಗೆ ಅವರು ಸೂಚಿಸಿದ್ದು ಅವಳಿ ಗುಂಡಿ. ಇದು ಹೊಸದೇನಲ್ಲ; ಸರಕಾರದ ಸುತ್ತೋಲೆಗಳಲ್ಲಿ ಮೊದಲಿನಿಂದಲೂ ಇರುವುದೇ. ಒಂದು ಗುಂಡಿ ತುಂಬಿದ ಮೇಲೆ ನಡುವಿನ ಚೇಂಬರಿನಲ್ಲಿ ಒಂದು ಬಾಯಿಯನ್ನು ಮುಚ್ಚಿ ಇನ್ನೊಂದನ್ನು ತೆರೆದು, ತುಂಬಿದ್ದನ್ನು ಕನಿಷ್ಠ ಒಂದೂವರೆ ಎರಡು ವರ್ಷ ಹಾಗೆಯೇ ಬಿಟ್ಟರೆ ಅದು ಒಣಗಿ, ವಾಸನೆ ಕಳೆದು, ಮಣ್ಣಿನಂಥ ಗೊಬ್ಬರವಾಗುತ್ತದೆ. ಇಷ್ಟು ದೀರ್ಘ ಕಾಲ ಬಿಡಬೇಕಾದದ್ದು ವಾಸನೆ ಹೋಗಲೆಂದಲ್ಲ, ಜಂತುಹುಳುವಿನ ಮೊಟ್ಟೆಗಳು ಬೇಗ ಸಾಯುವುದಿಲ್ಲವೆಂದು. ಎರಿ ನೆಲಕ್ಕೆ ಒಂದು ಸೇರ್ಪಡೆ ಇದೆ: ಗುಂಡಿಯ ಸುತ್ತ ಒಂದು ಅಡಿ ದಪ್ಪಕ್ಕೆ ಉಸುಕು ಅಥವಾ ಸಣ್ಣ ಖಡಿಯನ್ನು ತುಂಬಬೇಕು. ಇದರಿಂದ ನೀರು ಹೀರುವ ಮೈ ಹಿಗ್ಗುತ್ತದೆ. ಮಣ್ಣು ಉಬ್ಬಿ ಕುಗ್ಗುವಾಗ ಇಟ್ಟಂಗಿ ಅಥವಾ ಸಿಮೆಂಟ್ ರಿಂಗುಗಳ ಮೇಲೆ ಬೀಳುವ ಒತ್ತಡವೂ ತಗ್ಗುತ್ತದೆ. ಊರಿನಲ್ಲಿ ಮೊದಲು ಕಟ್ಟಿದ ಯಾವ ಗುಂಡಿಗೂ ಈ ಉಸುಕಿನ ಕವಚ ಇರಲಿಲ್ಲ. ಹಣ ಉಳಿಸಲೆಂದು ಬಿಟ್ಟರೋ, ಗೊತ್ತಿಲ್ಲದೆ ಬಿಟ್ಟರೋ, ಈಗ ಕೇಳಿ ಫಲವಿಲ್ಲ.

ಜನರನ್ನು ಒಪ್ಪಿಸಲು ಕಷ್ಟವಾದದ್ದು ಗುಂಡಿಯ ಆಳದ ವಿಷಯದಲ್ಲಿ. ನಮ್ಮ ಕಡೆ ಇಪ್ಪತ್ತು ಅಡಿ ತೆಗ್ಗು ತೋಡಿಸಿದವನೇ ಜಾಣ. "ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬೂದಿಲ್ಲ" ಎಂಬುದು ಹೆಮ್ಮೆಯ ಮಾತು. ತುಂಬದ ತೆಗ್ಗು ಎಂದರೆ ಹೊಲಸು ನೇರವಾಗಿ ಕೆಳಗಿನ ನೀರಿಗೆ ಇಳಿಯುತ್ತಿರುವ ತೆಗ್ಗು ಎಂದು ಸಂಸ್ಥೆಯವರು ಹೇಳಿದಾಗ ಸಭೆಯಲ್ಲಿ ಒಂದಿಷ್ಟು ಗದ್ದಲವಾಯಿತು. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲದ ಮಟ್ಟಕ್ಕೂ ನಡುವೆ ಎರಡು ಮೀಟರ್ ಮಣ್ಣು, ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ ಹತ್ತು ಮೀಟರ್ ದೂರ, ಇವು ಬಿಡಬಾರದ ಅಳತೆಗಳು. ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಎಂಬ ಚಿಂತೆಯೇ ಸಾಕಷ್ಟಿರುವ ಗದಗ ಜಿಲ್ಲೆಯಲ್ಲಿ ಅದಕ್ಕೆ ಹೊಲಸಿನಿಂದ ಇಳಿಯುವ ನೈಟ್ರೇಟನ್ನೂ ನಾವೇ ಕೈಯಾರೆ ಸೇರಿಸಿಕೊಳ್ಳುವುದು ಬೇಡ ಎಂಬ ಅವರ ಮಾತಿಗೆ ಕೊನೆಗೆ ಹೆಚ್ಚಿನವರು ತಲೆದೂಗಿದರು. ಆಳದ ತೆಗ್ಗು ಕಟ್ಟಿದವರು ಮಾತ್ರ ಇನ್ನೂ ಒಪ್ಪಿಲ್ಲ.

ಗುಡಿಯ ಸುತ್ತಲಿನ ಹಳೆಯ ಊರಿನ ಮಾತು ಬೇರೆ. ಅಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು, ಹಿತ್ತಲೇ ಇಲ್ಲ. ಶೌಚದ ಕೊಳವೆಯನ್ನು ಗಟಾರಕ್ಕೇ ಬಿಟ್ಟವರೂ ಇದ್ದಾರೆ. ಈ ಭಾಗಕ್ಕೆ ಅವರು ಸೂಚಿಸಿದ್ದು, ಮನೆಗಳ ಗುಂಪಿಗೊಂದು ಸೆಪ್ಟಿಕ್ ಟ್ಯಾಂಕ್, ಅಲ್ಲಿಂದ ತಿಳಿನೀರನ್ನು ಮಾತ್ರ ಒಯ್ಯುವ ಸಣ್ಣ ಕೊಳವೆ, ಊರ ಕೊನೆಯಲ್ಲಿ ವಿದ್ಯುತ್ತಿನ ಹಂಗಿಲ್ಲದ ಶುದ್ಧೀಕರಣ ಘಟಕ. ಮುಚ್ಚಿದ ಕೋಣೆಗಳಲ್ಲಿ ನೀರು ಒಂದರ ತಳದಿಂದ ಇನ್ನೊಂದರ ತಳಕ್ಕೆ ಮೇಲೆ ಕೆಳಗೆ ಹರಿಯುತ್ತ ಗಾಳಿಯಿಲ್ಲದೆ ಕೊಳೆತು, ನಂತರ ಖಡಿ ತುಂಬಿದ ತೊಟ್ಟಿಯಲ್ಲಿ ಕಾಬಾಳೆಯಂಥ ಗಿಡಗಳ ಬೇರುಗಳ ನಡುವೆ ಹಾದು ಹೊರಬರುತ್ತದೆ. ಡಿವಾಟ್ಸ್ ಎಂದು ಕರೆಯುವ ಈ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಪಂಪು, ಮೋಟಾರು, ಗಾಳಿ ಊದುವ ಬ್ಲೋವರ್ ಇರುವ ಯಂತ್ರದ ಘಟಕವನ್ನು ಬೇಡವೆಂದದ್ದು ಸರಿಯಾದ ತೀರ್ಮಾನ. ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂಬುದು ತಿಳಿಯದ ಊರಿನಲ್ಲಿ ಬ್ಲೋವರನ್ನು ನಂಬುವುದು ಸುಳ್ಳು. ತಕರಾರು ಇರುವುದು ಜಾಗದ ಆಯ್ಕೆಯಲ್ಲಿ. ನಕ್ಷೆಯ ಮೇಲಿನ ಇಳಿಜಾರನ್ನು ಮಾತ್ರ ನೋಡಿ ಅವರು ಘಟಕವನ್ನು ಹಳ್ಳದ ದಂಡೆಗೆ ಇಟ್ಟಿದ್ದರು. ಆ ಹಳ್ಳ ದೊಡ್ಡ ಮಳೆಗೆ ದಂಡೆ ಮೀರಿ ಬರುತ್ತದೆ ಎಂಬುದು ದನ ಮೇಯಿಸುವ ಹುಡುಗರಿಗೂ ಗೊತ್ತು. ನಾವು ಆಕ್ಷೇಪಿಸಿದ ಮೇಲೆ ಘಟಕವನ್ನು ಎತ್ತರಕ್ಕೆ ಸರಿಸಿ ಹೊಸ ನಕ್ಷೆ ಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಮಣ್ಣಿನ ಬಗ್ಗೆ ಅಷ್ಟು ಎಚ್ಚರದಿಂದ ಇದ್ದವರು ಪ್ರವಾಹದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳದೆ ಹೋದದ್ದು ಆಶ್ಚರ್ಯ.

ಮನೆಮನೆ ಸಮೀಕ್ಷೆಯಲ್ಲಿ ಅವರ ತಂಡದ ಒಬ್ಬ ತರುಣಿ ಒಳಗೆ ಹೋಗಿ ಹೆಂಗಸರೊಡನೆ ಕೂತು ಮಾತಾಡಿದ್ದರಿಂದ, ಸಮಿತಿಯ ಗಂಡಸರಾದ ನಮ್ಮ ಕಿವಿಗೆ ಎಂದೂ ಬೀಳದಿದ್ದ ಸಂಗತಿಗಳು ವರದಿಯಲ್ಲಿ ಬಂದವು: ಚಿಲಕವಿಲ್ಲದ ಬಾಗಿಲು, ರಾತ್ರಿ ದೀಪವಿಲ್ಲದ ಹಿತ್ತಲು, ಕುಕ್ಕರಗಾಲಲ್ಲಿ ಕೂರಲಾಗದ ಮುದುಕಿಯರು, ಮುಟ್ಟಿನ ಪ್ಯಾಡುಗಳನ್ನು ಎಸೆಯಲು ಬೇರೆ ಜಾಗವಿಲ್ಲದೆ ಶೌಚಾಲಯಕ್ಕೇ ಹಾಕಿ ಕೊಳವೆ ಕಟ್ಟಿಕೊಂಡದ್ದು. ಇದು ಉತ್ತಮ ಕೆಲಸ.

ಈಗ ಕಹಿ ಭಾಗ. ವರದಿಯ ಪರ್ಯಾಯಗಳ ಪಟ್ಟಿಯಲ್ಲಿ ಸಿದ್ಧ ಪ್ಲಾಸ್ಟಿಕ್ ಬಯೋ ಟ್ಯಾಂಕೂ ಒಂದು ಇತ್ತು, ಅದಕ್ಕೆ ಮಾತ್ರ ನಾಲ್ಕು ಪುಟ ಮೀಸಲು. ವಿಚಾರಿಸಿದಾಗ ಆ ಟ್ಯಾಂಕಿನ ವಿತರಣೆಯಲ್ಲಿ ಅವರಿಗೂ ಪಾಲು ಇರುವುದು ತಿಳಿಯಿತು. ನಾವಾಗಿ ಕೇಳುವವರೆಗೆ ಅವರಾಗಿ ಹೇಳಿರಲಿಲ್ಲ. ಟ್ಯಾಂಕಿನ ಮೇಲೆ ನನಗೆ ಸಿಟ್ಟಿಲ್ಲ. ಕಲ್ಲುನೆಲದಲ್ಲಿ, ಅಂತರ್ಜಲ ಮೇಲೆಯೇ ಇರುವ ಜಾಗದಲ್ಲಿ, ಸೋರದ ಟ್ಯಾಂಕಿಗೆ ಅದರದೇ ಉಪಯೋಗವಿದೆ. ಆದರೆ ಬ್ಯಾಕ್ಟೀರಿಯಾ ಎಲ್ಲವನ್ನೂ ತಿಂದುಬಿಡುತ್ತದೆ, ಎಂದಿಗೂ ಖಾಲಿ ಮಾಡಿಸಬೇಕಿಲ್ಲ, ಹೊರಬರುವ ನೀರನ್ನು ನೇರವಾಗಿ ಗಿಡಗಳಿಗೆ ಬಿಡಬಹುದು ಎಂಬ ಮಾರಾಟದ ಮಾತು ಯೋಜನಾ ವರದಿಯೊಳಗೆ ನುಸುಳಬಾರದಿತ್ತು. ಗಾಳಿಯಿಲ್ಲದೆ ಕೊಳೆಯುವ ಯಾವ ಟ್ಯಾಂಕಿನಿಂದ ಬರುವ ನೀರಿನಲ್ಲೂ ರೋಗಾಣುಗಳು ಉಳಿದಿರುತ್ತವೆ. ಅದನ್ನು ಮತ್ತೊಮ್ಮೆ ಮಣ್ಣಿನಲ್ಲೋ ಗಿಡದ ತೊಟ್ಟಿಯಲ್ಲೋ ಸೋಸಬೇಕು. ಎರಿ ನೆಲದಲ್ಲಿ ಆ ನೀರು ಇಂಗುವ ಸಮಸ್ಯೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ತಮ್ಮದೇ ಗುಳಿ ಪರೀಕ್ಷೆ ಹೇಳಿದ್ದರೂ ಆ ನಾಲ್ಕು ಪುಟಗಳಲ್ಲಿ ಅದರ ಸುಳಿವಿರಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ತೆಗ್ಗು ಖಾಲಿ ಮಾಡುವ ವಿಷಯದಲ್ಲಿದೆ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಎಂದು ಒಂದು ಸಾಲಿನಲ್ಲಿ ಬರೆದು ಅವರು ಮುಂದೆ ಸಾಗಿದ್ದಾರೆ. ಯಾರು ಮಾಡಬೇಕು, ಸಕ್ಕಿಂಗ್ ಗಾಡಿ ಆ ಓಣಿಯೊಳಗೆ ತಿರುಗುತ್ತದೆಯೇ, ಪೈಪು ಎಷ್ಟು ದೂರ ಮುಟ್ಟುತ್ತದೆ, ತುಂಬಿಕೊಂಡ ಹೊಲಸನ್ನು ಗಾಡಿಯವನು ಎಲ್ಲಿ ಸುರಿಯುತ್ತಾನೆ, ಇದ್ಯಾವುದೂ ಇಲ್ಲ. ಗಾಡಿ ಬಾರದ ಓಣಿಯಲ್ಲಿ ತೆಗ್ಗು ತುಂಬಿದರೆ ಯಾರನ್ನು ಕರೆಯುತ್ತಾರೆ ಎಂಬುದು ನಮ್ಮೆಲ್ಲರಿಗೂ ಗೊತ್ತಿದ್ದೂ ಬಾಯಿಬಿಟ್ಟು ಹೇಳದ ಸಂಗತಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು, ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಒಳಚರಂಡಿಯಲ್ಲಿ ಇಳಿದು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಯೋಜನೆ ಕಾಗದದ ಮೇಲೆ ಇರುವಾಗಲೇ ಗಾಡಿ ನಿಲ್ಲುವ ಜಾಗ, ಟ್ಯಾಂಕಿನ ಮುಚ್ಚಳದ ಸ್ಥಾನ ಗುರುತು ಮಾಡದಿದ್ದರೆ, ಆ ಕೆಲಸ ಮತ್ತೆ ಅದೇ ಕೇರಿಯ ಜನರ ಹೆಗಲಿಗೆ ಬೀಳುತ್ತದೆ. ಅವಳಿ ಗುಂಡಿಯ ಒಣ ಗೊಬ್ಬರವನ್ನು ತೆಗೆಯುವವರು ಯಾರು ಎಂದು ನಾನು ಸಭೆಯಲ್ಲಿ ಕೇಳಿದಾಗಲೂ ಸಂಸ್ಥೆಯವರು "ಅದು ಮನೆಯವರಿಗೆ ಬಿಟ್ಟದ್ದು" ಎಂದರು. ತಂತ್ರಜ್ಞಾನ ಎಷ್ಟೇ ಒಳ್ಳೆಯದಿರಲಿ, ಜಾತಿಯ ಪ್ರಶ್ನೆಯನ್ನು ಹೀಗೆ ಹೊಸ್ತಿಲಾಚೆ ತಳ್ಳುವ ಯೋಜನೆ ಅರ್ಧದ್ದೇ.

ಹೊಲಸು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೂ ಉತ್ತರವಿಲ್ಲದಿಲ್ಲ. ದೇವನಹಳ್ಳಿಯಲ್ಲಿ 2015ರಿಂದ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ, ಸೆಪ್ಟಿಕ್ ಟ್ಯಾಂಕಿನ ಹೊಲಸನ್ನೇ ಸಂಸ್ಕರಿಸುವ ಘಟಕವಿದೆ. 2017ರಲ್ಲಿ ಕೇಂದ್ರ ಸರಕಾರ ಇದಕ್ಕೆಂದೇ ರಾಷ್ಟ್ರೀಯ ನೀತಿ ತಂದಿತು. ಸುತ್ತಲಿನ ನಾಲ್ಕಾರು ಪಂಚಾಯಿತಿಗಳು ಕೂಡಿ ಒಂದು ಘಟಕಕ್ಕೆ ಅರ್ಜಿ ಹಾಕಬಹುದೆಂಬ ಸೂಚನೆಯಾದರೂ ವರದಿಯಲ್ಲಿ ಇರಬಹುದಿತ್ತು. ಹುಬ್ಬಳ್ಳಿಯ ನಾಲೆಯ ಕೊಳಚೆ ನೀರನ್ನು ಪಂಪು ಹಚ್ಚಿ ಎತ್ತಿ ತರಕಾರಿ ಬೆಳೆಯುವುದನ್ನು ನಮ್ಮ ಭಾಗದವರು ಬಹಳ ಕಾಲದಿಂದ ನೋಡಿದ್ದಾರೆ. ನೀರಿಗೂ ಗೊಬ್ಬರಕ್ಕೂ ರೈತರಿಂದ ಬೇಡಿಕೆ ಇದೆ. ಅದನ್ನು ರೋಗ ಹರಡದಂತೆ ಪೂರೈಸುವ ದಾರಿಯನ್ನು ಹುಬ್ಬಳ್ಳಿಯ ಸಂಸ್ಥೆಯೇ ತೋರಿಸದಿದ್ದರೆ ಇನ್ನಾರು ತೋರಿಸಬೇಕು?

ಹಣಕಾಸಿನ ಅಧ್ಯಾಯ ಚುಟುಕಾಗಿದ್ದರೂ ಉಪಯೋಗಕ್ಕೆ ಬಂತು. ಹದಿನೈದನೆಯ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇಕಡಾ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು ಎಂಬುದನ್ನೂ, ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ ಬಚ್ಚಲ ನೀರಿನ ನಿರ್ವಹಣೆಗೆ 5,000 ಜನಸಂಖ್ಯೆಯವರೆಗಿನ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿವರೆಗೆ ಇಟ್ಟಿದ್ದರು ಎಂಬುದನ್ನೂ ತಿಳಿಸಿ, ಯಾವ ಕೆಲಸಕ್ಕೆ ಯಾವ ತಲೆಬರಹದಿಂದ ಹಣ ಎಂದು ವಿಂಗಡಿಸಿ ಕೊಟ್ಟರು. ಆದರೆ ಕಟ್ಟುವ ಖರ್ಚು ಮಾತ್ರ ಇದೆ, ವರ್ಷಾವರಿ ನಿರ್ವಹಣೆಯ ಖರ್ಚಿನ ಪಟ್ಟಿ ಇಲ್ಲ. ಖಡಿ ತೊಟ್ಟಿಯ ಗಿಡ ಕತ್ತರಿಸುವವನ ಕೂಲಿ, ಕೋಣೆಗಳ ಕೆಸರು ತೆಗೆಸುವ ಬಾಡಿಗೆ, ಒಡೆದ ಮುಚ್ಚಳ, ಇವೆಲ್ಲ ಸೇರಿ ಮನೆಗೆ ತಿಂಗಳಿಗೆ ಎಷ್ಟು ಕರ ಬೀಳುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಹೇಳಲು ನಮ್ಮ ಬಳಿ ಅಂಕಿ ಇರಲಿಲ್ಲ. ಪಿಡಿಒ ಅವರ ನೆರವಿನಿಂದ ಅದನ್ನು ನಾವೇ ಕೂತು ಬರೆದೆವು. ವರದಿ ಇಂಗ್ಲಿಷಿನಲ್ಲಿ ಇತ್ತು. ಕನ್ನಡದಲ್ಲಿ ಕೊಟ್ಟದ್ದು ಐದಾರು ಪುಟಗಳ ಸಾರಾಂಶ, ಅದೂ ಓದಿದರೆ ಅರ್ಥವಾಗದಷ್ಟು ಗಡುಸು. ಗೌಂಡಿಗಳಿಗೆಂದು ಬಿಡಿಸಿದ ಚಿತ್ರಗಳು ಮಾತ್ರ ಬಲು ಸ್ಪಷ್ಟ: ಉಸುಕಿನ ಕವಚ, ವಾಸನೆ ಮೇಲೆ ಬಾರದಂತೆ 20 ಮಿಲಿಮೀಟರಿನ ನೀರಿನ ತಡೆ, ಚೇಂಬರಿನ ಕವಲು, ಎಲ್ಲವೂ ಅಳತೆ ಸಮೇತ. ನಮ್ಮ ಗೌಂಡಿಯೊಬ್ಬರು ಆ ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಸೈಕಲ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ಒಟ್ಟಿನಲ್ಲಿ, ಎರಿ ಸೀಮೆಯ ಅಣ್ಣಿಗೇರಿ, ನವಲಗುಂದ, ರೋಣ, ನರಗುಂದದ ಕಡೆಯ ಊರುಗಳು ಇಂಥ ಸೇವೆಯನ್ನು ಪಡೆಯುವುದು ಲಾಭವೇ. ಗುಳಿ ಪರೀಕ್ಷೆಯಿಲ್ಲದೆ ಅಲ್ಲಿ ಒಂದು ಇಟ್ಟಂಗಿಯನ್ನೂ ಇಡಬಾರದು. ಮಸಾರಿ ನೆಲದಲ್ಲಿ, ಹಿತ್ತಲು ಇರುವ ಸಣ್ಣ ಊರಿನಲ್ಲಿ ಅವಳಿ ಗುಂಡಿಯನ್ನು ಅಳತೆಯಂತೆ ಕಟ್ಟಿಸಲು ತಾಲ್ಲೂಕು ಪಂಚಾಯಿತಿಯ ಎಂಜಿನಿಯರ್ ಸಾಕು, ಸಲಹೆಗಾರರಿಗೆ ಹಣ ಕೊಡಬೇಕಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾವ ಸಾಮಗ್ರಿಯ ಮಾರಾಟದಲ್ಲೂ ತಮಗೆ ಪಾಲಿಲ್ಲವೆಂದು ಅವರಿಂದ ಬರೆಸಿಕೊಳ್ಳಿ, ಪೂರ್ತಿ ವರದಿಯನ್ನು ಕನ್ನಡದಲ್ಲಿ ಕೇಳಿ, ಖಾಲಿ ಮಾಡುವ ವ್ಯವಸ್ಥೆ ಮತ್ತು ವರ್ಷಾವರಿ ಖರ್ಚನ್ನು ಬೇರೆ ಅಧ್ಯಾಯವಾಗಿ ಬರೆಯಬೇಕೆಂಬ ಷರತ್ತು ಹಾಕಿ. ಶುಲ್ಕದ ಕೊನೆಯ ಕಂತನ್ನು, ಕಟ್ಟಿದ ಮೊದಲ ಕೆಲವು ಗುಂಡಿಗಳು ಒಂದು ಮಳೆಗಾಲವನ್ನು ದಾಟುವವರೆಗೆ ತಡೆಹಿಡಿಯುವುದಾಗಿ ಮೊದಲೇ ಹೇಳಿಬಿಡಿ. ನಮ್ಮವರು ಈ ಷರತ್ತಿಗೆ ಚೌಕಾಸಿ ಮಾಡದೆ ಒಪ್ಪಿಕೊಂಡರು.